ಸೊಸೆಯ ಸಹಿಗೆ ಬೇರೆ ಫೀಸು

“ನಿಮ್ಮ ಸೊಸೆ ರುಜು ಹಾಕಿದಾರಲ್ಲಮ್ಮಾ, ಅದಕ್ಕೆ ಫೀಸು ಬೇರೆ” ಎಂದರು ಪರಮೇಶ್ವರಯ್ಯ.

ಸೇಸಮ್ಮ ಬೆಚ್ಚಲಿಲ್ಲ. ಜಗಳಕ್ಕೂ ನಿಲ್ಲಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಮಕ್ಕಳನ್ನು ಯಾರಾದರೂ ಹೊಗಳಿದಾಗ ತಾಯಂದಿರು ನಗುವ ಹಾಗೆ ಸಣ್ಣಗೆ ನಕ್ಕರು.

“ನಮ್ಮ ನೀಲಾವತಿಯಾ?”

“ಹೌದಮ್ಮಾ, ನೀಲಾವತಿಯಮ್ಮನವರೇ. ಅಕ್ಷರ ಮುದ್ದಾಗಿದೆ.”

“ಬರೀತಾಳಾ ಅವಳು!” ಎಂದು ಸೇಸಮ್ಮ ನಮ್ಮ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು.

ನನ್ನ ಮೈ ಜುಮ್ಮೆಂದಿತು. ಏಕೆಂದರೆ ಈ ನೀಲಾವತಿ ಎಂಬ ಸೊಸೆ, ವಾಮದಪದವಿನ ಸೇಸಮ್ಮನ ಮನೆ ತುಂಬುವುದಕ್ಕೆ ಎಷ್ಟೋ ವರ್ಷ ಮೊದಲೇ, ಹಾಲು ಕುಡಿಯುವ ಕೂಸಾಗಿದ್ದಾಗಲೇ ತೀರಿಹೋಗಿದ್ದಳು. ಹಾಗೆಂದು ಬರುವ ದಾರಿಯಲ್ಲಿ ಸೇಸಮ್ಮನೇ ನಮಗೆ ಹೇಳಿದ್ದರು.

ಮೂಡಬಿದಿರೆಯ ಜೈನ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆ ಕೋಣೆ ಅದು. ಊಟದ ಮೇಲಿನ ಹೊತ್ತು. ಕೆಳಗೆ ಬೀದಿಗೆ ಬೀದಿಯೇ ತೂಕಡಿಸುತ್ತಿತ್ತು. ಕಿಟಕಿಯ ಬಣ್ಣದ ಗಾಜಿನಿಂದ ಇಳಿದ ಕಾರ್ತಿಕದ ಬಿಸಿಲು ಪರಮೇಶ್ವರಯ್ಯನವರ ಬೋಳುತಲೆಯ ಮೇಲೆ ಹಸಿರಾಗಿ, ಮೇಜಿನ ಮೇಲೆ ಕೆಂಪಾಗಿ ಬಿದ್ದಿತ್ತು. ಅವರು ಅಲ್ಲಾಡಿದರೆ ಹಸಿರು ಹೋಗಿ ಕೆಂಪಾಗುತ್ತಿದ್ದರು. ಇಂಥ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಅರ್ಧ ನಂಬಿಕೆ ಬಂದುಬಿಡುತ್ತದೆ. ನನಗೆ ಹೆದರಿಕೆಯಾದದ್ದು ಅದಕ್ಕೇ.

ನೂರಕ್ಕೆ ಒಪ್ಪಿದ ಫೀಸು ನಾನೂರು ಹೇಗಾಯಿತು ಎಂದು ಕೇಳುವುದಕ್ಕೆ ನಾವು ಬಂದದ್ದು. ನಾವು ಎಂದರೆ ಅಕ್ಕಿ ಮಿಲ್ಲಿನ ಯಜಮಾನ್ತಿ ಸೇಸಮ್ಮ, ಬಂಟ್ವಾಳದ ನಿವೃತ್ತ ಸಬ್ ಇನ್‌ಸ್ಪೆಕ್ಟರ್ ಕುಶಾಲಪ್ಪ, ಅವರ ಬೆನ್ನಿಗೆ ಕೇಸಿಲ್ಲದ ವಕೀಲ ಕೇಶವಪ್ರಸಾದ, ಅಂದರೆ ನಾನು. ಕುಲೆ, ಪ್ರೇತ ಇವೆಲ್ಲ ಪೊಕ್ಕಡೆ, ಬರೀ ಸುಳ್ಳು ಮಾತು, ಸತ್ತವರು ಸತ್ತರು ಎಂದು ನಾನು ದಾರಿಯುದ್ದಕ್ಕೂ ಭಾಷಣ ಮಾಡಿಕೊಂಡು ಬಂದಿದ್ದೆ. ಈಗ ಕುರ್ಚಿಯ ಕಾಲಿಗೆ ನನ್ನ ಕಾಲು ಸುತ್ತಿಕೊಂಡು ಕೂತಿದ್ದೆ.

ಕುಶಾಲಪ್ಪ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ದೊಡ್ಡ ಮೈ, ದೊಡ್ಡ ಮೀಸೆ, ಉಸಿರಾಟ ನಿಧಾನ. ಗೊತ್ತಿಲ್ಲದವರು ನೋಡಿದರೆ ನಿದ್ದೆ ಎಂದೇ ತಿಳಿಯಬೇಕು. ಇವರು ಹೀಗೆ ಕಣ್ಣು ಮುಚ್ಚಿದ್ದಾಗ ಸತ್ಯ ಹೇಳಿಹೋದ ಕಳ್ಳರು ಬಂಟ್ವಾಳ ತಾಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

“ಅಯ್ಯನವರೇ” ಎಂದರು, ಕಣ್ಣು ತೆರೆಯದೆಯೇ. “ಒಟ್ಟಿಗೆ ನಾನೂರು ಅಂತ ಹೇಳಿದರೆ ನಮ್ಮ ತಲೆಗೆ ಹೋಗುವುದಿಲ್ಲ. ಒಂದೊಂದೇ ಬಾಬ್ತು ಬಿಡಿಸಿ ಹೇಳಿ. ಯಾವುದಕ್ಕೆ ಎಷ್ಟು, ಯಾಕೆ. ನಮಗೆ ಅವಸರ ಇಲ್ಲ.”

ಪರಮೇಶ್ವರಯ್ಯ ಗಂಟಲು ಸರಿಮಾಡಿಕೊಂಡರು. ಅವರು ಮೈಸೂರು ಕಡೆಯವರು. ರಾಜ್ಯ ಒಂದಾದ ಮೇಲೆ ಘಟ್ಟ ಇಳಿದು ಬಂದು, ಇಲ್ಲಿಯ ವ್ಯಾಪಾರಿಗಳಿಗೆ ಇನ್‌ಕಂ ಟ್ಯಾಕ್ಸಿನ ಲೆಕ್ಕ ಬರೆದುಕೊಟ್ಟು ಬದುಕುತ್ತಿದ್ದರು. ಊರಿನ ಭಾಷೆ ಅರ್ಧ ಬಂದಿತ್ತು. ಊರಿನ ಕ್ರಮ ಏನೇನೂ ಬಂದಿರಲಿಲ್ಲ.

“ರಿಟರ್ನು ಬರೆದದ್ದಕ್ಕೆ ನೂರು. ಅದು ಮೊದಲೇ ಮಾತಾಡಿದ್ದು.”

“ಸರಿ. ಅದು ಕೊಡುವ.”

“ಪಾಲುದಾರಿಕೆ ಪತ್ರ ಬರೆದು, ಅರ್ಜಿ ಹಾಕಿದ್ದಕ್ಕೆ ನೂರೈವತ್ತು.”

“ಯಾವ ಪಾಲುದಾರಿಕೆ?”

“ಅತ್ತೆ ಸೊಸೇದು! ಮಿಲ್ಲಿನ ಲಾಭ ಪೂರ್ತಿ ಅಮ್ಮನೊಬ್ಬರ ಹೆಸರಲ್ಲಿ ತೋರಿಸಿದ್ರೆ ಟ್ಯಾಕ್ಸು ಕುತ್ತಿಗೆ ಹಿಡಿಯುತ್ತೆ ಸ್ವಾಮಿ. ಇಬ್ಬರಿಗೆ ಅರ್ಧರ್ಧ ಹಂಚಿದ್ರೆ ಇಳಿಯುತ್ತೆ. ನಾನು ಇವರಿಗೆ ಉಪಕಾರವೇ ಮಾಡಿದೀನಿ.”

“ಉಪಕಾರಕ್ಕೆ ಫೀಸು ಅಂತ ಮೊದಲು ಹೇಳಿದ್ದಿರಾ?”

“ಹೇಳೋದೇನು, ಕೆಲಸ ಜಾಸ್ತಿಯಾದ್ರೆ ಫೀಸು ಜಾಸ್ತಿ. ಯಾರನ್ನ ಬೇಕಾದ್ರೂ ಕೇಳಿ.”

“ಯಾರನ್ನೂ ಕೇಳುವುದಿಲ್ಲ. ನಿಮ್ಮನ್ನೇ ಕೇಳ್ತೇನೆ. ಸೊಸೆಯನ್ನು ಪಾಲಿಗೆ ಸೇರಿಸಿ ಅಂತ ಸೇಸಕ್ಕ ಹೇಳಿದ್ದಾ?”

“ಮನೇಲಿ ಯಾರ್ಯಾರಿದಾರಮ್ಮಾ ಅಂದೆ. ಮಗ ಇದಾನೆ, ಸೊಸೆ ಇದಾಳೆ ಅಂದ್ರು. ಮಗ ಏನ್ಮಾಡ್ತಾನೆ ಅಂದೆ. ಅವನು ಕೆಲಸ ಮಾಡುವ ಹಾಗಿಲ್ಲ ಅಂದ್ರು. ಪಾಪ, ಕಾಯಿಲೆ ಮನುಷ್ಯ ಅಂದ್ಕೊಂಡೆ. ಸೊಸೇನ ಹಾಕ್ದೆ.”

ಕುಶಾಲಪ್ಪ ಸೇಸಮ್ಮನ ಕಡೆ ಮುಖ ತಿರುಗಿಸಿದರು.

“ಹೌದು, ಹಾಗೇ ಹೇಳಿದ್ದು” ಎಂದರು ಸೇಸಮ್ಮ. “ಸುಳ್ಳು ಎಂತ ಹೇಳಿದೆ ಕುಶಾಲಣ್ಣ? ಇದ್ದ ಹಾಗೇ ಹೇಳಿದೆ.”

ನನಗೆ ನಗುವೂ ಬಂತು, ಸಂಕಟವೂ ಆಯಿತು. ಸೇಸಮ್ಮನ ಮನೆಯಲ್ಲಿ ಅವರು ಇಬ್ಬರೂ ಇದ್ದರು, ಅದರಲ್ಲಿ ಸುಳ್ಳಿಲ್ಲ. ಹಬ್ಬದ ದಿನ ಅವರಿಗೆ ಎರಡು ಎಲೆ ಬೇರೆ ಹಾಕುತ್ತಿದ್ದರು. ಮಗನಿಗೆ ಪ್ರತಿ ವರ್ಷ ಪಂಚೆ ತೆಗೆಯುತ್ತಿದ್ದರು, ಮಗ ಬೆಳೆದಂತೆಲ್ಲ ಪಂಚೆಯೂ ಉದ್ದವಾಗಿತ್ತು. ಲೆಕ್ಕ ಬರೆಯುವವರ ಪ್ರಶ್ನೆಗೆ ಬದುಕಿದ್ದವರು ಮಾತ್ರ ಎಂಬ ಷರತ್ತು ಉಂಟು ಎಂದು ಆ ಹೆಂಗಸಿಗೆ ಹೇಗೆ ಗೊತ್ತಾಗಬೇಕು?

“ಉಳಿದ ನೂರೈವತ್ತು?” ಎಂದರು ಕುಶಾಲಪ್ಪ.

“ನಾರಾವಿಗೆ ಹೋಗಿ ಬಂದ ಟ್ಯಾಕ್ಸಿ ಬಾಡಿಗೆ. ನನ್ನ ಒಂದು ದಿನದ ಕೆಲಸ ಬೇರೆ ಕೆಟ್ಟಿತು.”

ಕುಶಾಲಪ್ಪ ಕಣ್ಣು ತೆರೆದರು.

“ನಾರಾವಿಗೆ ಯಾಕೆ ಹೋದದ್ದು?”

“ರುಜು ತಗೊಳ್ಳೋಕೆ! ಪಾಲುದಾರರು ಅವರ ಕೈಯಾರೆ ರುಜು ಹಾಕ್ಬೇಕು. ಅಮ್ಮ ನಾನು ತೋರಿಸಿದ ಕಡೆ ಹಾಕಿದ್ರು. ಸೊಸೆ ಎಲ್ಲಿ ಅಂದ್ರೆ, ಆಟಿ ಕೂರೋಕೆ ತವರಿಗೆ ಹೋಗಿದಾಳೆ, ನಾರಾವಿ ಸುಬ್ಬಪ್ಪನವರ ಮನೆ ಅಂದ್ರು ಅಮ್ಮ. ಹೋದೆ. ಅವರಪ್ಪ ಇರಲಿಲ್ಲ. ಇವರೇ ಬಂದು ರುಜು ಹಾಕಿ ಕೊಟ್ರು.”

ಮಳೆಗಾಲದ ಆಟಿ ತಿಂಗಳಿನಲ್ಲಿ ಸೊಸೆಯಂದಿರು ತವರಿಗೆ ಹೋಗಿ ಕೂರುವುದು ನಮ್ಮ ಕಡೆಯ ಕ್ರಮ. ಸೇಸಮ್ಮ ತನ್ನ ಸೊಸೆಗೂ ಅದನ್ನು ತಪ್ಪಿಸಿರಲಿಲ್ಲ. ಪ್ರತಿ ಆಟಿಗೂ ಒಂದು ಹೊಸ ಸೀರೆ ನಾರಾವಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಮಣೆಯ ಮೇಲೆ ಇಟ್ಟು, ದೀಪ ತೋರಿಸಿ, ಅಟ್ಟದ ಪೆಟ್ಟಿಗೆಗೆ ಸೇರಿಸುತ್ತಿದ್ದರು.

“ಹಾಜಬ್ಬಾ!” ಎಂದು ಕುಶಾಲಪ್ಪ ಕಿಟಕಿಯಿಂದ ಕೂಗಿದರು. “ಸ್ವಲ್ಪ ಮೇಲೆ ಬಾ ಮಾರಾಯಾ.”

ನಮ್ಮನ್ನು ಕರೆತಂದ ಟ್ಯಾಕ್ಸಿಯ ಹಾಜಬ್ಬ ಟೊಪ್ಪಿ ಸರಿಮಾಡಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದ. ಅವನ ಹಳೆಯ ಡಾಡ್ಜ್ ಗಾಡಿ ವಾಮದಪದವು, ಮೂಡಬಿದಿರೆ, ನಾರಾವಿ ಈ ಮೂರೂ ಊರಿನ ದಾರಿಯಲ್ಲಿ ತಿರುಗುತ್ತಿತ್ತು.

“ಆಟಿಯಲ್ಲಿ ಇವರನ್ನು ನಾರಾವಿಗೆ ಕರಕೊಂಡು ಹೋದದ್ದು ಯಾರು, ಗೊತ್ತುಂಟಾ?”

“ನಾನೇ ಅಲ್ವಾ ಸಾಹೇಬ್ರೆ. ಮೂವತ್ತು ರೂಪಾಯಿ ಮಾತಾಡಿ, ಕಡೆಗೆ ಇಪ್ಪತ್ತೈದು ಕೊಟ್ರು ಇವರು.”

ಪರಮೇಶ್ವರಯ್ಯ ಮೇಜಿನ ಮೇಲಿದ್ದ ಪೇಪರನ್ನು ತಿರುವಿ ಹಾಕಿ, ಗಡಿಯ ಯುದ್ಧದ ಸುದ್ದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

“ಆ ಮನೆಯಲ್ಲಿ ಹೆಂಗಸು ಯಾರಾದರೂ ಕಂಡರಾ ನಿನಗೆ?”

“ಇಲ್ಲ. ನಾನು ಗೇಟಿನ ಹತ್ರ ಗಾಡಿಯಲ್ಲೇ ಇದ್ದೆ. ಅಲ್ಲಿಂದ ಮನೆ ಕಾಣುವುದಿಲ್ಲ. ಇವರು ಒಬ್ಬರೇ ಹೋದರು, ಒಬ್ಬರೇ ಬಂದರು.”

ಇಷ್ಟು ಸಾಕಾಯಿತು ನನಗೆ. ಸಿಟ್ಟು ಬಂದರೆ ನನಗೆ ಕಾಯ್ದೆ ನೆನಪಾಗುತ್ತದೆ, ಉಳಿದ ಹೊತ್ತಿನಲ್ಲಿ ಆಗುವುದಿಲ್ಲ ಎಂದು ಕುಶಾಲಪ್ಪ ತಮಾಷೆ ಮಾಡುವುದುಂಟು. ಎದ್ದು ನಿಂತೆ.

“ಅಯ್ಯಾ, ಯಾರೂ ನೋಡಿಲ್ಲ. ಆ ಸಹಿ ನೀವೇ ಗೀಚಿದ್ದು! ಫೀಸು ಏರಿಸುವುದಕ್ಕೆ ಪಾಲುದಾರಿಕೆ ಕಟ್ಟಿದ್ದೀರಿ, ಪಾಲುದಾರಿಕೆಗೆ ಸಹಿ ಕಟ್ಟಿದ್ದೀರಿ. ಇದು ಫೋರ್ಜರಿ. ಜೈಲಿಗೆ ಹೋಗ್ತೀರಿ!”

“ನಾನು ಜೈಲಿಗಾ?” ಪರಮೇಶ್ವರಯ್ಯನವರೂ ಎದ್ದರು. “ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ಸೋಮವಾರ ಮಂಗಳೂರಲ್ಲಿ ಆಫೀಸರ ಮುಂದೆ ಪಾಲುದಾರರು ಇಬ್ಬರೂ ಹಾಜರಾಗ್ಬೇಕು ಅಂತ ನೋಟೀಸು ಬಂದಿದೆ. ಇಬ್ಬರೂ! ನನ್ನ ಫೀಸು ಕೈಗೆ ಬರೋವರೆಗೆ ಒಂದು ಕಾಗದ ಈ ಬೀರುವಿನಿಂದ ಹೊರಗೆ ಬರಲ್ಲ. ಆಮೇಲೆ ನಿಮ್ಮ ಪಾಡು.”

ದೂರದ ಬಸದಿಯಿಂದ ಗಂಟೆಯ ಶಬ್ದ ಕೇಳಿ, ನಿಂತಿತು.

“ಸೋಮವಾರ ನೀಲಾವತಿ ಹೋಗದಿದ್ದರೆ ಎಂತ ಆಗ್ತದೆ ಕೇಶವಣ್ಣ?” ಎಂದು ಸೇಸಮ್ಮ ನನ್ನನ್ನು ಕೇಳಿದರು.

ನಾನು ನಿಜವನ್ನೇ ಹೇಳಿದೆ. ಸೊಸೆ ಬಾರದಿದ್ದರೆ ಸೇಸಮ್ಮ ಇಲ್ಲದ ಪಾಲುದಾರಳನ್ನು ತೋರಿಸಿ ಸರಕಾರಕ್ಕೆ ಮೋಸ ಮಾಡಿದ ಹಾಗಾಗುತ್ತದೆ. ದಂಡ, ಕೇಸು, ಗ್ರಹಚಾರ ನೆಟ್ಟಗಿಲ್ಲದಿದ್ದರೆ ಮಿಲ್ಲು ಹರಾಜು. ಯಾವುದಾದರೂ ಹೆಂಗಸು ಬಂದು ನಾನೇ ನೀಲಾವತಿ ಎಂದು ನಿಂತರೆ ಇನ್ನೂ ಕಷ್ಟ. ಕಾಗದದ ಪ್ರಕಾರ ಅರ್ಧ ಮಿಲ್ಲು ಅವಳದ್ದು.

ಗಂಡ ತೀರಿದ ಮೇಲೆ ಭತ್ತ ಬೇಯಿಸುವ ಹಂಡೆಯ ಹೊಗೆಯಲ್ಲಿ ನಿಂತು ಆ ಮಿಲ್ಲನ್ನು ಒಬ್ಬರೇ ನಡೆಸಿದವರು ಅವರು. ಅಷ್ಟೆಲ್ಲ ಕೇಳಿದ ಮೇಲೂ ಮಿಲ್ಲಿನ ಮಾತು ಎತ್ತಲಿಲ್ಲ.

“ಅಯ್ಯನವರೇ, ನೀವು ಅವಳನ್ನು ನೋಡಿದ್ದೀರಾ? ಸತ್ಯ ಹೇಳಿ. ನಿಮ್ಮ ಫೀಸು ನಾನು ಕೊಡ್ತೇನೆ. ಹೇಗಿದ್ದಳು?”

ಆ ಧ್ವನಿಗೆ ಪರಮೇಶ್ವರಯ್ಯನವರ ಸಿಟ್ಟು ಇಳಿಯಿತು. ಕೂತರು.

“ಇದೇನಮ್ಮಾ ಹೀಗೆ ಕೇಳ್ತೀರಿ. ನಿಮ್ಮ ಸೊಸೆ ಅಲ್ವಾ. ನಾನು ಜಗಲಿ ಹತ್ತಿದಾಗ ಮನೇಲಿ ಯಾರೂ ಇಲ್ಲ ಅನ್ನಿಸ್ತು. ಕೂಗಿದೆ. ಸ್ವಲ್ಪ ಹೊತ್ತು ಕಾದೆ. ಮಳೆ ಬಿಟ್ಟು ಬಿಸಿಲು ಬಂದಿತ್ತು, ಅಂಗಳದಿಂದ ಹಬೆ ಏಳ್ತಾ ಇತ್ತು. ಆಮೇಲೆ ಬಂದ್ರು. ತೆಳ್ಳಗೆ, ಎತ್ತರ. ಬೆಲ್ಲ ನೀರು ಕೊಟ್ರು. ವಾಮದಪದವಿಂದ ಅತ್ತೆಯವರು ಕಳಿಸಿದಾರೆ ಅಂದೆ. ಮುಖ ನೋಡ್ತಾ ನಿಂತ್ರು. ಕಾಗದ ಕೊಟ್ಟೆ. ಓದಿದ್ರು, ಪೂರ್ತಿ ಓದಿದ್ರು. ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು ರುಜು ಹಾಕಿದ್ರು.”

“ಸೀರೆ ಬದಲಾಯಿಸಿಕೊಂಡು?” ಎಂದರು ಕುಶಾಲಪ್ಪ.

“ಹೌದು. ನನಗೂ ಆಶ್ಚರ್ಯ ಆಯ್ತು. ರುಜು ಹಾಕೋಕೆ ಹೊಸ ಸೀರೆ ಉಡೋರನ್ನ ನಾನು ನೋಡಿರಲಿಲ್ಲ. ಮಡಿಕೆ ಕೂಡ ಬಿಟ್ಟಿರಲಿಲ್ಲ. ಅತ್ತೆಯವರಿಗೆ ನಾನು ಈ ಸೀರೆ ಉಟ್ಟಿದ್ದೆ ಅಂತ ಹೇಳಿ ಅಂದ್ರು. ನನಗೆ ಮರೆತೇ ಹೋಗಿತ್ತು.”

“ಯಾವ ಬಣ್ಣ?” ಎಂದರು ಸೇಸಮ್ಮ.

“ನಿಮ್ಮ ಕಡೆ ಗೇರುಹಣ್ಣು ಇರುತ್ತಲ್ಲ, ಆ ಕೆಂಪು. ಕರಿ ಅಂಚು.”

ಸೇಸಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಈ ಆಟಿಗೆ ಬಂಟ್ವಾಳ ಪೇಟೆಯಲ್ಲಿ ಅರ್ಧ ದಿನ ಕೂತು, ಅಂಗಡಿಯವನನ್ನು ಗೋಳು ಹೊಯ್ದುಕೊಂಡು ಅವರು ಆರಿಸಿದ ಸೀರೆ ಅದು. ಗೇರುಹಣ್ಣಿನ ಕೆಂಪು, ಕರಿ ಅಂಚು. ಅಂಗಡಿಯಿಂದ ನೇರ ನಾರಾವಿಗೆ ಹೋದದ್ದು. ಪರಮೇಶ್ವರಯ್ಯ ಅದನ್ನು ನೋಡಿರುವುದು ಸಾಧ್ಯವೇ ಇರಲಿಲ್ಲ.

“ನೀವು ಸುಳ್ಳು ಹೇಳ್ತಾ ಇಲ್ಲ” ಎಂದು ಕುಶಾಲಪ್ಪ ಮೆಲ್ಲಗೆ ಹೇಳಿದರು. “ಕೂತುಕೊಳ್ಳಿ ವಕೀಲರೇ, ಫೋರ್ಜರಿ ಇಲ್ಲ. ಅಯ್ಯನವರೇ, ಸ್ವಲ್ಪ ನೀರು ಕುಡೀರಿ. ಸೇಸಕ್ಕ ಒಂದು ಮಾತು ಹೇಳ್ತಾರೆ.”

ಸೇಸಮ್ಮ ಹೇಳಿದರು. ಬಹಳ ಶಾಂತವಾಗಿ, ಯಾವುದೋ ಹಳೆಯ ಹಬ್ಬದ ಸುದ್ದಿ ಹೇಳುವ ಹಾಗೆ ಹೇಳಿದರು.

“ನನ್ನ ಮಗ ರುಕ್ಮಯ್ಯ ಅಂಬೆಗಾಲು ಬಿಟ್ಟು ನಡೆಯಲು ಕಲಿತಿದ್ದ ಅಷ್ಟೆ. ಜ್ವರ ಬಂತು, ಹೋದ. ಹೋದವರು ಅಲ್ಲಿಯೂ ಬೆಳೀತಾರೆ ಅಯ್ಯನವರೇ. ಮದುವೆಯ ಪ್ರಾಯ ಬಂದಾಗ ಮನೆಯವರ ಕನಸಿಗೆ ಬರ್ತಾರೆ. ನನಗೆ ದಿನಾ ಬರ್ತಿದ್ದ. ಬಾಗಿಲ ಹತ್ರ ನಿಲ್ತಿದ್ದ, ಮಾತಾಡ್ತಿರಲಿಲ್ಲ. ಮಿಲ್ಲಿನಲ್ಲಿ ಒಂದರ ಮೇಲೆ ಒಂದು ತೊಂದರೆ. ಜೋಯಿಸರ ಹತ್ರ ಪ್ರಶ್ನೆ ಕೇಳಿಸಿದಾಗ, ಹುಡುಗ ಹೆಣ್ಣು ಕೇಳ್ತಾ ಇದ್ದಾನೆ ಅಂತ ಬಂತು. ಅವನ ಹಾಗೆಯೇ ಸಣ್ಣದರಲ್ಲಿ ಹೋದ ಹೆಣ್ಣು ಎಲ್ಲಿ ಉಂಟು ಅಂತ ಹುಡುಕಿದೆವು. ನಾರಾವಿಯ ಸುಬ್ಬಪ್ಪಣ್ಣ ನನ್ನದೊಂದು ಮಗು ಹೋಗಿದೆ, ನೀಲಾವತಿ ಅಂತ, ಅಂದರು. ಆರು ವರ್ಷದ ಹಿಂದೆ ಆಟಿಯಲ್ಲಿ ಮದುವೆ ಮಾಡಿದೆವು. ಎರಡು ಕುರ್ಚಿ ಇಟ್ಟು, ಇವನ ಪಂಚೆ, ಅವಳ ಸೀರೆ ಇಟ್ಟು, ಧಾರೆ ಎರೆದು, ಊಟ ಹಾಕಿಸಿದೆವು. ಅವರ ಕಡೆಯಿಂದ ಸುಬ್ಬಪ್ಪಣ್ಣ ಒಬ್ಬರೇ ಬಂದದ್ದು. ಆ ಮೇಲೆ ಅವನು ಬಾಗಿಲ ಹತ್ರ ನಿಂತದ್ದಿಲ್ಲ. ನನಗೆ ನಿದ್ದೆ ಬಂತು.”

ಪರಮೇಶ್ವರಯ್ಯ ಲೋಟ ಎತ್ತಿದವರು ಎತ್ತಿದಂತೆಯೇ ಇದ್ದರು. ಕಿಟಕಿಯ ಹಸಿರು ಅವರ ಮುಖಕ್ಕೆ ಬಿದ್ದಿತ್ತೋ, ಮುಖವೇ ಹಾಗಾಗಿತ್ತೋ ಗೊತ್ತಾಗಲಿಲ್ಲ.

“ಹಾಗಾದ್ರೆ… ನಾನು ಕುಡಿದ ಬೆಲ್ಲ ನೀರು?”

“ಆಟಿಯಿಂದ ಇಲ್ಲಿಯವರೆಗೆ ಏನೂ ಆಗಲಿಲ್ಲವಲ್ಲ” ಎಂದರು ಕುಶಾಲಪ್ಪ. “ಇನ್ನು ಆಗಲಿಕ್ಕಿಲ್ಲ.”

ಆಮೇಲೆ ನನ್ನ ಕಡೆ ಬಾಗಿ ಹೇಳಿದರು. “ವಕೀಲರೇ, ಯೋಚನೆ ಮಾಡಿ. ಕುಲೆಗೆ ಇಟ್ಟ ಸೀರೆಯನ್ನು ಈ ಊರಿನಲ್ಲಿ ಬದುಕಿದ್ದವರು ಮುಟ್ಟುವುದಿಲ್ಲ. ಕಳ್ಳ ಕೂಡ ಮುಟ್ಟುವುದಿಲ್ಲ. ಅರ್ಧ ಮಿಲ್ಲು ಸಿಗ್ತದೆ ಅಂದರೂ ಉಡುವ ಧೈರ್ಯ ಯಾರಿಗೂ ಬರುವುದಿಲ್ಲ. ಅದನ್ನು ಉಡಬೇಕಾದರೆ ಅದು ಅವಳದ್ದೇ ಆ‍ಗಿರಬೇಕು.”

“ಅಂದರೆ ನೀಲಾವತಿ ಸತ್ತೇ ಇಲ್ಲ?”

“ಅಥವಾ ನಿಮಗೆ ನಂಬಿಕೆ ಇಲ್ಲದ್ದು ನಿಜ.”

ಎರಡರಲ್ಲಿ ಯಾವುದು ಒಳ್ಳೆಯದು ಎಂದು ನನಗೆ ತಿಳಿಯಲಿಲ್ಲ.

ಕುಶಾಲಪ್ಪ ಎದ್ದರು. ಸೇಸಮ್ಮನಿಂದ ಹಣ ಇಸಿದುಕೊಂಡು ಮೇಜಿನ ಮೇಲಿಟ್ಟರು. “ಮೊದಲು ಮಾತಾಡಿದ್ದು ನೂರು, ಇದು. ಹಾಜಬ್ಬನಿಗೆ ನೀವು ಕೊಟ್ಟದ್ದು ಇಪ್ಪತ್ತೈದು, ಅದೂ ಇದು. ಕೇಳದೆ ಮಾಡಿದ ಉಪಕಾರದ ಫೀಸು ನಿಮ್ಮ ಹತ್ರವೇ ಇರಲಿ. ಸೊಸೆಯನ್ನು ನಾವು ಕಣ್ಣಾರೆ ಕಂಡು, ಅವಳು ಕೊಡಿ ಅಂದರೆ ಆಗ ಮಾತಾಡುವ. ಈಗ ಬೀರು ತೆಗೀರಿ.”

“ಕಾಗದ…”

“ಕಾಗದ ಸೇಸಕ್ಕನದ್ದು. ನಿಮ್ಮ ಬೀರುವಿನಲ್ಲಿ ಇದ್ದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಬೇಕಾದರೆ ಇವರು ಕಾಯ್ದೆ ಹೇಳ್ತಾರೆ, ಇನ್ನೂ ಸಿಟ್ಟು ಇಳಿದಿಲ್ಲ ಇವರಿಗೆ.”

ಪರಮೇಶ್ವರಯ್ಯ ಕಾಯ್ದೆ ಕೇಳಲಿಲ್ಲ. ಬೀರು ತೆಗೆದು ಕಾಗದದ ಕಟ್ಟನ್ನು ಕೊಟ್ಟುಬಿಟ್ಟರು. ಅದನ್ನು ಕೊಡುವಾಗ ಬೆರಳ ತುದಿಯಲ್ಲಿ ಹಿಡಿದಿದ್ದರು.

ನಾರಾವಿಯ ದಾರಿ ನನಗೆ ಸರಿಯಾಗಿ ನೆನಪಿಲ್ಲ. ಶಿರ್ತಾಡಿಯಲ್ಲಿ ಸೇಸಮ್ಮ ಗಾಡಿ ನಿಲ್ಲಿಸಿದರು. ಇಳಿದು ಹೋಗಿ ಬಾಳೆನಾರಿನಲ್ಲಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ, ಹಸಿರು ಗಾಜಿನ ಬಳೆ ತಂದರು.

“ಸೊಸೆಯನ್ನು ನೋಡಲು ಬರಿಗೈಯಲ್ಲಿ ಹೋಗಲಿಕ್ಕೆ ಆಗ್ತದಾ” ಎಂದರು. ಯಾವ ಅಳತೆಯ ಬಳೆ ಎಂದು ಅಂಗಡಿಯವ ಕೇಳಿದಾಗ ತಡಬಡಾಯಿಸಿ, ತನ್ನದೇ ಕೈ ತೋರಿಸಿದರಂತೆ. ಅದನ್ನು ಹೇಳಿ ತಾನೇ ನಾಚಿಕೊಂಡರು.

ನನಗೆ ಆ ಹೆಂಗಸನ್ನು ನೋಡಿ ಅಯ್ಯೋ ಎನಿಸಿತು. ಸೊಸೆ ಬದುಕಿದ್ದರೆ ಅವರಿಗೆ ಸಂತೋಷವೋ ದುಃಖವೋ? ಕೇಳುವ ಧೈರ್ಯವಾಗಲಿಲ್ಲ.

ಮಲ್ಲಿಗೆಯ ವಾಸನೆಗೆ, ಡಾಡ್ಜ್ ಗಾಡಿಯ ತೊಟ್ಟಿಲಿನಂಥ ತೂಗಾಟಕ್ಕೆ ನನ್ನ ಕಣ್ಣು ಮುಚ್ಚಿತು. ಯಾವುದೋ ಅಂಗಳ. ಎರಡು ಕುರ್ಚಿ. ಒಂದರ ಮೇಲೆ ಮಡಿಸಿದ ಪಂಚೆ, ಇನ್ನೊಂದರ ಮೇಲೆ ಕೆಂಪು ಸೀರೆ. ನೆಂಟರೆಲ್ಲ ಸಾಲಾಗಿ ಬಂದು ಅಕ್ಕಿಕಾಳು ಹಾಕುತ್ತಿದ್ದರು. ನಾನೂ ಹಾಕಲು ಬಗ್ಗಿದೆ. ಸೀರೆಯ ಒಳಗಿನಿಂದ ಯಾರೋ ಉಸಿರು ಬಿಟ್ಟ ಹಾಗಾಯಿತು.

“ವಕೀಲರೇ, ಏಳಿ. ನಾರಾವಿ ಬಂತು.”

ಗೇಟಿನ ಹತ್ತಿರ ಹಾಜಬ್ಬ ಗಾಡಿ ನಿಲ್ಲಿಸಿದ್ದ. ಅಲ್ಲಿಂದ ಮನೆ ಕಾಣುವುದಿಲ್ಲ, ಅವನು ಹೇಳಿದ್ದು ನಿಜ. ಎರಡೂ ಕಡೆ ಕೆಂಪು ಮುರಕಲ್ಲಿನ ಗೋಡೆ ಇದ್ದ ಓಣಿಯಲ್ಲಿ ನಡೆದೆವು. ಬಿಸಿಲು ಇನ್ನೂ ಇತ್ತು, ಆದರೆ ನೆಲಕ್ಕೆ ತಾಗುತ್ತಿರಲಿಲ್ಲ, ಮರಗಳ ತಲೆಯಲ್ಲೇ ನಿಂತಿತ್ತು. ಒಂದು ನಾಯಿ ನಮ್ಮನ್ನು ನೋಡಿ ಬೊಗಳದೆ ಎದ್ದು ಹೋಯಿತು. ನನಗೆ ಇನ್ನೂ ಪೂರ್ತಿ ಎಚ್ಚರವಾದ ಹಾಗಿರಲಿಲ್ಲ.

ಜಗಲಿಯಲ್ಲಿ ಯಾರೂ ಇರಲಿಲ್ಲ. ಕುಶಾಲಪ್ಪ ಕೂಗಿದರು. ಒಳಗೆ ಎಲ್ಲಿಯೋ ತಂಬಿಗೆಯ ಸದ್ದಾಯಿತು.

ಆಮೇಲೆ ಅವಳು ಬಂದಳು.

ತೆಳ್ಳಗೆ, ಎತ್ತರ. ಇಪ್ಪತ್ತರ ಆಸುಪಾಸು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ಬಟ್ಟಲು. ಮನೆಯಲ್ಲಿ ಉಡುವ ಹಳೆಯ ನೂಲಿನ ಸೀರೆ. ನಾನು ನಾಚಿಕೆ ಬಿಟ್ಟು ಅವಳ ಕಾಲು ನೋಡಿದೆ. ಎರಡೂ ಪಾದ ನೆಲದ ಮೇಲೆ ಸರಿಯಾಗಿ ಊರಿದ್ದವು.

“ಅಪ್ಪ ಬೆಳ್ತಂಗಡಿಗೆ ಹೋಗಿದ್ದಾರೆ. ಬರುವ ಹೊತ್ತಾಯಿತು” ಎಂದಳು. ಆಮೇಲೆ ಸೇಸಮ್ಮನ ಕೈಯ ಮಲ್ಲಿಗೆ ನೋಡಿದಳು, ಬಳೆ ನೋಡಿದಳು. “ವಾಮದಪದವಿನಿಂದಲಾ?”

ಸೇಸಮ್ಮ ತಲೆಯಾಡಿಸಿದರು.

ಹುಡುಗಿ ತಂಬಿಗೆಯನ್ನು ಕೆಳಗಿಟ್ಟು ಬಂದು ಅವರ ಕಾಲು ಮುಟ್ಟಿದಳು. “ಅತ್ತೆ” ಎಂದಳು. “ಎಷ್ಟು ತಡ ಮಾಡಿದಿರಿ.”

ಸೇಸಮ್ಮ ಬಗ್ಗಿ ಅವಳ ಕೆನ್ನೆಗೆ ಕೈ ಇಟ್ಟರು.

“ಕುಶಾಲಣ್ಣ, ಬೆಚ್ಚಗುಂಟು” ಎಂದರು. “ಕೆನ್ನೆ ಬೆಚ್ಚಗುಂಟು!”

ಅತ್ತರು, ನಕ್ಕರು, ಅವಳ ಕೈ ಹಿಡಿದು ಬಳೆ ತೊಡಿಸಲು ಹೊರಟರು. ಅಳತೆ ಸರಿಯಾಗಿತ್ತು. ಒಂದು ಬಳೆ ಏರಿತು, ಎರಡನೆಯದು ಏರಿತು. ಮೂರನೆಯದು ಗೆಣ್ಣಿನ ಹತ್ತಿರ ಇರುವಾಗ ಅವರ ಕೈ ನಿಂತಿತು. ಯೋಚನೆ ಅವರಿಗೆ ಆಗ ಬಂತೆಂದು ಕಾಣುತ್ತದೆ. ಅವರ ಮುಖದಿಂದ ಸಂತೋಷ ಇಳಿದುಹೋದದ್ದನ್ನು ನಾನು ನೋಡಿದೆ. ಅಂಥ ಮುಖವನ್ನು ಇನ್ನೊಮ್ಮೆ ನೋಡುವುದು ನನಗೆ ಬೇಡ.

“ಮಗಾ, ನೀನು ಇಲ್ಲಿ ಬದುಕಿದ್ದೀ” ಎಂದರು. “ಹಾಗಾದರೆ ಅಲ್ಲಿ ನನ್ನ ಮಗ ಒಬ್ಬನೇ ಇದ್ದಾನಾ? ಆರು ವರ್ಷದಿಂದ ಒಬ್ಬನೇ ಇದ್ದಾನಾ?”

ಹುಡುಗಿ ಮೂರನೆಯ ಬಳೆಯನ್ನು ತಾನೇ ಏರಿಸಿಕೊಂಡಳು.

“ಆ ದಿನ ಅವನ ಪಕ್ಕದ ಕುರ್ಚಿಯಲ್ಲಿ ಯಾರನ್ನು ಕೂರಿಸಿದ್ದು? ಯಾರಿಗೆ ನಾನು ಧಾರೆ ಎರೆದದ್ದು? ಹೇಳು!”

ಅವಳು ಅಪ್ಪ ಬರುವ ಓಣಿಯ ಕಡೆ ಒಮ್ಮೆ ನೋಡಿದಳು. ಕುಶಾಲಪ್ಪ ಅದನ್ನು ಗಮನಿಸಿ, ಸದ್ದಿಲ್ಲದೆ ಮೆಟ್ಟಿಲಿನ ಹತ್ತಿರ ಹೋಗಿ ಓಣಿಗೆ ಅಡ್ಡವಾಗಿ ನಿಂತರು.

“ನಾನು ನೀಲಾವತಿ ಅಲ್ಲ ಅತ್ತೆ” ಎಂದಳು ಹುಡುಗಿ. “ನಾನು ಅಮ್ಮಣಿ. ನೀಲಾವತಿ ನನ್ನ ಅಕ್ಕ. ಅವಳ ಹೆಸರಿನಲ್ಲಿ ಸೈನು ಹಾಕಿದೆ, ಮುಟ್ಟಬಾರದ ಅವಳ ಸೀರೆ ಉಟ್ಟೆ. ಹಾಗೆ ಮಾಡಿದರೆ ನೀವು ಕೇಳಿಕೊಂಡು ಬಂದೇ ಬರ್ತೀರಿ ಅಂತ ಗೊತ್ತಿತ್ತು. ಅಪ್ಪ ನನ್ನನ್ನು ಎಲ್ಲಿಗೂ ಬಿಡುವುದಿಲ್ಲ, ಅಕ್ಕನ ಮಾತು ಎತ್ತಲೂ ಬಿಡುವುದಿಲ್ಲ.”

“ಅಂದರೆ ಅವಳು ಅವನ ಹತ್ರ ಇದ್ದಾಳೆ?” ಸೇಸಮ್ಮನ ಉಸಿರು ತಿರುಗಿ ಬಂತು. “ನನ್ನ ಸೊಸೆ ಅವನ ಹತ್ರವೇ ಇದ್ದಾಳೆ ಅಲ್ವಾ? ಹಾಲು ಕುಡಿಯುವಾಗ ಹೋದ ಕೂಸು?”

“ಅವನ ಹತ್ರವೇ ಇದ್ದಾಳೆ. ಆದರೆ ಹಾಲು ಕುಡಿಯುವಾಗ ಹೋದವಳಲ್ಲ ಅತ್ತೆ. ನೀವು ಹೆಣ್ಣು ಕೇಳಿಕೊಂಡು ಬಂದಿರಲ್ಲ, ಅದರ ಹಿಂದಿನ ವಾರದವರೆಗೂ ಅವಳು ಇದೇ ಜಗಲಿಯಲ್ಲಿ ಕೂತು ನನ್ನ ತಲೆ ಬಾಚುತ್ತಿದ್ದಳು.”